ಅಮ್ಮನ ಮಂಡಿ ನೋವಿಗೆ ಡೈಕ್ಲೋಫೆನಾಕ್ ಬಿಟ್ಟು ಬೇರೇನು ಕೊಡಬಹುದು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಅಮ್ಮನಿಗೆ 64 ವರ್ಷ, ತೂಕ 52 ಕೆ.ಜಿ. ರೇಷ್ಮೆ ಹುಳ ಮೇಯಿಸುತ್ತೇವೆ. ಸೊಪ್ಪು ಕೊಯ್ಯುವುದು, ಹುಳದ ಮನೆ ಚೊಕ್ಕ ಮಾಡುವುದು ಎಲ್ಲಾ ಅವರೇ. ಎರಡು ವರ್ಷದಿಂದ ಎರಡೂ ಮಂಡಿ ನೋವು, ಜೊತೆಗೆ ಸೊಂಟ, ಕತ್ತು ಹಿಡಿದುಕೊಳ್ಳುತ್ತದೆ. ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ 50 ತಂದು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಿದ್ದರು. ಬಿ.ಪಿ.ಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿರುವ ಮಾತ್ರೆ, ಶುಗರ್‌ಗೆ ಮೆಟ್‌ಫಾರ್ಮಿನ್ ಇದೆ. ಈಚೆಗೆ ಹೊಟ್ಟೆ ಉರಿ, ಸಂಜೆಯಾದರೆ ಪಾದ ಊತ. ಅಂಗಡಿಯವರು ‘ಇದು ಹೊಟ್ಟೆಗೆ ಏನೂ ಮಾಡಲ್ಲ’ ಎಂದು ಅಸಿಕ್ಲೋಫೆನಾಕ್-ಪ್ಯಾರಾಸಿಟಮಾಲ್ ಕೊಟ್ಟಿದ್ದಾರೆ. ಎಂಟು ತಿಂಗಳ ಹಿಂದೆ ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.2 ಇತ್ತು, ನಾರ್ಮಲ್ ಅಂದರು. ನಮ್ಮ ಹಸುವಿಗೆ ಕಾಲು ನೋವಾದಾಗ ಪಶುವೈದ್ಯರು ‘ಡೈಕ್ಲೋಫೆನಾಕ್ ಬ್ಯಾನ್ ಆಗಿದೆ’ ಎಂದು ಬೇರೆ ಸೂಜಿ ಹಾಕಿದರು. ಹಸುವಿಗೆ ಆಗದ ಔಷಧಿ ಮನುಷ್ಯರಿಗೆ ಹೇಗೆ ಆದೀತು? ಬದಲಿಗೆ ಯಾವ ಮಾತ್ರೆ ಒಳ್ಳೆಯದು?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಡೈಕ್ಲೋಫೆನಾಕ್ ಮತ್ತು ಅಂಗಡಿಯವರು ಹೊಸದಾಗಿ ಕೊಟ್ಟ ಮಾತ್ರೆ ಎರಡನ್ನೂ ಇವತ್ತೇ ನಿಲ್ಲಿಸಿ. ಇವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕಾದ ಅಗತ್ಯವಿಲ್ಲ. ಒಂದೇ ಸಲ ಬಿಟ್ಟರೆ ನೋವು ಹೆಚ್ಚಾದೀತು, ಅಷ್ಟೇ. ಬಿ.ಪಿ. ಮತ್ತು ಶುಗರ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಎರಡು ಮೂರು ದಿನದೊಳಗೆ ತಾಲ್ಲೂಕು ಆಸ್ಪತ್ರೆಯಲ್ಲೋ ಹತ್ತಿರದ ಲ್ಯಾಬಿನಲ್ಲೋ ಕ್ರಿಯಾಟಿನಿನ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ, ಬಿ.ಪಿ. ನೋಡಿಸಿ, ಆ ಕಾಗದ ಹಿಡಿದು ವೈದ್ಯರನ್ನು ಕಾಣಿ. ಮಲ ಡಾಂಬರಿನಂತೆ ಕಪ್ಪಾಗಿ ಅಂಟುತ್ತಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಗಸಿಯಂಥದ್ದು ಕಂಡರೆ, ಮೂತ್ರ ತೀರಾ ಕಡಿಮೆಯಾದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ಎರಡು ದಿನ ಕಾಯುವ ಮಾತಿಲ್ಲ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.

ಅಸಿಕ್ಲೋಫೆನಾಕ್ ಬದಲಿ ಔಷಧಿ ಅಲ್ಲ. ಅದು ಡೈಕ್ಲೋಫೆನಾಕ್‌ನ ಒಡಹುಟ್ಟು. ದೇಹದೊಳಗೆ ಹೋದ ಮೇಲೆ ಅದರ ಒಂದು ಪಾಲು ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಹೊಟ್ಟೆಗೆ ತುಸು ಸೌಮ್ಯ ಎನ್ನುವುದು ನಿಜವಿರಬಹುದು, ಆದರೆ ಕಿಡ್ನಿಗೆ, ಬಿ.ಪಿ.ಗೆ, ಹೃದಯಕ್ಕೆ ಇರುವ ಎಚ್ಚರಿಕೆಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ. ಇನ್ನೊಂದು ತೊಂದರೆ ಅದರ ಜೊತೆಗೇ ಇರುವ 325 ಮಿ.ಗ್ರಾಂ ಪ್ಯಾರಾಸಿಟಮಾಲ್. ನೋವು ಹೆಚ್ಚಾದ ದಿನ ಮನೆಯಲ್ಲಿರುವ ಡೋಲೋ 650 ಕೂಡ ನುಂಗಿದರೆ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಬೀಳುತ್ತದೆ, ಸ್ಟ್ರಿಪ್ ಬೇರೆ ಬೇರೆ ಇರುವುದರಿಂದ ಗೊತ್ತೂ ಆಗುವುದಿಲ್ಲ. ಕೆಲವು ಸ್ಟ್ರಿಪ್‌ಗಳಲ್ಲಿ ಸೆರ‍್ರಾಶಿಯೋಪೆಪ್ಟಿಡೇಸ್ ಎಂಬ ಮೂರನೆಯದೂ ಇರುತ್ತದೆ. ಮಂಡಿ ಸವೆತಕ್ಕೆ ಅದರಿಂದ ಉಪಯೋಗ ಇದೆ ಎನ್ನಲು ಗಟ್ಟಿ ಆಧಾರ ಇಲ್ಲ, ದುಡ್ಡು ಮಾತ್ರ ಹೆಚ್ಚು.

ಹಸುವಿನ ವಿಷಯ. ಜಾನುವಾರಿಗೆ ಡೈಕ್ಲೋಫೆನಾಕ್ ನಿಷೇಧವಾದದ್ದು 2006ರಲ್ಲಿ. ಕಾರಣ ಹಸುವಲ್ಲ, ರಣಹದ್ದು. ಈ ಔಷಧಿ ಹಾಕಿಸಿಕೊಂಡ ದನ ಕೆಲವೇ ದಿನದಲ್ಲಿ ಸತ್ತರೆ, ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆಲ್ಲ ಕಟ್ಟಿ ಅವು ಸಾಯುತ್ತಿದ್ದವು. ದೇಶದ ರಣಹದ್ದುಗಳು ಬಹುಪಾಲು ಹೀಗೇ ಹೋದವು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳನ್ನು ದನಕ್ಕೆ ಬಳಸುವುದು ನಿಲ್ಲಲಿಲ್ಲವೆಂದು 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನೂ 3 ಮಿ.ಲೀ.ಗೆ ಸೀಮಿತಗೊಳಿಸಿದರು. ಹಾಗಾಗಿ ‘ಹಸುವಿಗೆ ವಿಷ, ನಮಗೂ ವಿಷ’ ಎಂಬ ಲೆಕ್ಕ ಸರಿಯಲ್ಲ. ಆದರೆ ರಣಹದ್ದಿನಲ್ಲಿ ಕೆಟ್ಟ ಅಂಗ ಯಾವುದೋ ನಿಮ್ಮ ತಾಯಿಯ ವಿಷಯದಲ್ಲಿ ನಾವು ಹೆದರಬೇಕಾದ ಅಂಗವೂ ಅದೇ.

ಅದು ಹೇಗೆ ಎಂದರೆ, ನೋವು ಮತ್ತು ಊತಕ್ಕೆ ಕಾರಣವಾಗುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ಡೈಕ್ಲೋಫೆನಾಕ್ ಗುಂಪಿನ ನೋವಿನ ಮಾತ್ರೆಗಳು ತಡೆಯುತ್ತವೆ. ಅದೇ ಪ್ರೋಸ್ಟಾಗ್ಲಾಂಡಿನ್ ಜಠರದ ಒಳಪದರವನ್ನು ಕಾಯುತ್ತದೆ, ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ಅಗಲವಾಗಿ ಇಡುತ್ತದೆ. ಕೆರೆಯ ತೂಬಿನ ಹಾಗೆ ನೋಡಿದರೆ ಈ ಮಾತ್ರೆ ಒಳಹರಿವಿನ ತೂಬನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರಹರಿವಿನ ನಾಳವನ್ನು ಸಡಿಲಿಸುತ್ತದೆ, ಹೈಡ್ರೋಕ್ಲೋರೋಥಯಾಜೈಡ್ ದೇಹದ ಉಪ್ಪು-ನೀರನ್ನೇ ಇಳಿಸುತ್ತದೆ. ಬಿ.ಪಿ.ಗೆ ಈ ಎರಡು ಒಳ್ಳೆಯ ಔಷಧಿಗಳೇ. ಮೂರನೆಯದಾಗಿ ನೋವಿನ ಮಾತ್ರೆ ಸೇರಿದಾಗ ಮಾತ್ರ ಕಿಡ್ನಿಯಲ್ಲಿ ಸೋಸುವ ಒತ್ತಡ ಕುಸಿಯುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ನೀರು ಕುಡಿಯದೆ ತೋಟದಲ್ಲಿ ಕೆಲಸ ಮಾಡಿದ ದಿನ, ವಾಂತಿ-ಭೇದಿಯಾದ ದಿನ, ಈ ಮೂರೂ ಹೊಟ್ಟೆಯಲ್ಲಿದ್ದರೆ ಕಿಡ್ನಿ ಕೆಲವೇ ದಿನದಲ್ಲಿ ಕೈಕೊಡಬಹುದು. ಸಂಜೆಯ ಪಾದದ ಊತಕ್ಕೂ ಮುಖ್ಯ ಅನುಮಾನ ಇದರ ಮೇಲೆಯೇ, ಯಾಕೆಂದರೆ ನೋವಿನ ಮಾತ್ರೆ ದೇಹದಲ್ಲಿ ಉಪ್ಪು-ನೀರು ನಿಲ್ಲಿಸುತ್ತದೆ, ಬಿ.ಪಿ. ಏರಿಸುತ್ತದೆ, ಬಿ.ಪಿ. ಮಾತ್ರೆಯ ಬಲ ಕುಗ್ಗಿಸುತ್ತದೆ. ಹೃದಯ, ಕಿಡ್ನಿ ಎರಡನ್ನೂ ನೋಡದೆ ಮಾತ್ರೆಯದ್ದೇ ಊತ ಎಂದು ಸುಮ್ಮನಾಗುವುದೂ ಬೇಡ. ಮೂತ್ರದ ಆಲ್ಬುಮಿನ್ ಪರೀಕ್ಷೆ ಹೇಳಿದ್ದು ಅದಕ್ಕೇ.

ಕ್ರಿಯಾಟಿನಿನ್ 1.2 ನಾರ್ಮಲ್ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ, ಅದನ್ನು ಹೊರಹಾಕುವುದು ಕಿಡ್ನಿ. ಸಣಕಲು ಮೈಯ ವಯಸ್ಸಾದ ಹೆಂಗಸರಲ್ಲಿ ಸ್ನಾಯು ಕಡಿಮೆ, ಆದ್ದರಿಂದ ಕಿಡ್ನಿ ಸೊರಗಿದ್ದರೂ ಅಂಕಿ ಸಣ್ಣದಾಗಿಯೇ ಕಾಣುತ್ತದೆ. ವಯಸ್ಸು ಮತ್ತು ಲಿಂಗ ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು, ನೋಡಬೇಕು. 64 ವರ್ಷದ ಹೆಂಗಸಿಗೆ 1.2 ಎಂದರೆ ಇಜಿಎಫ್‌ಆರ್ ಸುಮಾರು 50. 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ನಿಂತರೆ ಅದನ್ನು ದೀರ್ಘಕಾಲದ ಕಿಡ್ನಿ ತೊಂದರೆ ಎನ್ನುತ್ತಾರೆ. ಅದೂ ಎಂಟು ತಿಂಗಳ ಹಿಂದಿನ ಲೆಕ್ಕ, ಆಮೇಲೂ ದಿನಕ್ಕೆ ಎರಡು ಮಾತ್ರೆ ಹೋಗಿದೆ. ಲ್ಯಾಬಿನವರಿಗೆ ಇಜಿಎಫ್‌ಆರ್ ಬರೆದು ಕೊಡಿ ಎಂದು ಕೇಳಿ, ಕೇಳಿದರೆ ಕೊಡುತ್ತಾರೆ. ಮೆಟ್‌ಫಾರ್ಮಿನ್ ಎಷ್ಟು ಕೊಡಬೇಕು ಎಂಬುದನ್ನೂ ಇದೇ ಅಂಕಿ ನಿರ್ಧರಿಸುತ್ತದೆ. 45ಕ್ಕಿಂತ ಇಳಿದರೆ ವೈದ್ಯರು ಪ್ರಮಾಣ ಕಡಿಮೆ ಮಾಡುತ್ತಾರೆ, 30ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ.

ಈಗ ನೀವು ಕೇಳಿದ ಬದಲಿ ಮಾತ್ರೆಗಳು. ಐಬುಪ್ರೊಫೆನ್ ಕಡಿಮೆ ಪ್ರಮಾಣದಲ್ಲಿ, ಅಂದರೆ ದಿನಕ್ಕೆ 1200 ಮಿ.ಗ್ರಾಂ ಒಳಗೆ, ಕಿಡ್ನಿ ಮತ್ತು ಹೊಟ್ಟೆ ಚೆನ್ನಾಗಿರುವವರಿಗೆ ನಾಲ್ಕಾರು ದಿನಕ್ಕೆ ಆಗುತ್ತದೆ. ಹೃದಯಕ್ಕೆ ಆಸ್ಪಿರಿನ್ 75 ತಗೊಳ್ಳುವವರು ಎಚ್ಚರವಾಗಿರಬೇಕು: ಐಬುಪ್ರೊಫೆನ್ ಮೊದಲು ಹೋದರೆ ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ಕೆಲಸಕ್ಕೆ ಅಡ್ಡ ಬರುತ್ತದೆ. ನ್ಯಾಪ್ರೊಕ್ಸೆನ್ 250 ದಿನಕ್ಕೆರಡು ಸಲ, ಹೃದಯದ ದೃಷ್ಟಿಯಿಂದ ಈ ಗುಂಪಿನಲ್ಲಿ ಹೆಚ್ಚು ವಾಸಿ. ಹೊಟ್ಟೆಗೆ ಮಾತ್ರ ಕಠಿಣ, ಜೊತೆಗೆ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಬೇಕೇ ಬೇಕು. ಸೆಲೆಕಾಕ್ಸಿಬ್ ದಿನಕ್ಕೆ 200 ಮಿ.ಗ್ರಾಂ, ಹೊಟ್ಟೆಹುಣ್ಣಿನ ಭಯ ಇರುವವರಿಗೆ ಇದು ಒಳ್ಳೆಯ ಆಯ್ಕೆ. 2016ರಲ್ಲಿ ಪ್ರಕಟವಾದ, ಸುಮಾರು 24 ಸಾವಿರ ರೋಗಿಗಳ ದೊಡ್ಡ ಅಧ್ಯಯನದಲ್ಲಿ ಇದು ಹೃದಯದ ವಿಷಯದಲ್ಲಿ ನ್ಯಾಪ್ರೊಕ್ಸೆನ್, ಐಬುಪ್ರೊಫೆನ್‌ಗಿಂತ ಕೆಟ್ಟದ್ದೇನೂ ಅಲ್ಲ ಎಂದು ಕಂಡುಬಂತು. ಎಟೋರಿಕಾಕ್ಸಿಬ್ ನಮ್ಮ ಕಡೆ ಬಹಳ ಬರೆಯುವ ಮಾತ್ರೆ, ದಿನಕ್ಕೊಂದು ಸಾಕೆಂಬ ಅನುಕೂಲ ಇದೆ. ಆದರೆ ಬಿ.ಪಿ. 140/90ಕ್ಕಿಂತ ಮೇಲೆಯೇ ನಿಲ್ಲುವವರಿಗೆ ಅದನ್ನು ಕೊಡುವಂತಿಲ್ಲ. ನಿಮೆಸುಲೈಡ್ ಬೇಡವೇ ಬೇಡ. ಲಿವರ್ ಹಾಳಾದ ಪ್ರಕರಣಗಳಿಂದ ಹಲವು ದೇಶಗಳು ಅದನ್ನು ಹಿಂತೆಗೆದುಕೊಂಡವು, ನಮ್ಮಲ್ಲೂ 12 ವರ್ಷದೊಳಗಿನ ಮಕ್ಕಳಿಗೆ 2011ರಲ್ಲಿ ನಿಷೇಧಿಸಿದರು. ಅಷ್ಟಾದರೂ ಅಂಗಡಿಯಲ್ಲಿ ‘ಮೈಕೈ ನೋವಿಗೆ’ ಎಂದು ಕೇಳಿದರೆ ಕೈಗೆ ಬರುವುದು ಎಷ್ಟೋ ಸಲ ಅದೇ.

ಇಷ್ಟೆಲ್ಲ ಹೇಳಿದರೂ ನಿಮ್ಮ ತಾಯಿಗೆ ಈ ಪಟ್ಟಿಯ ಯಾವ ಮಾತ್ರೆಯೂ ದಿನಾ ನುಂಗಲು ಯೋಗ್ಯವಲ್ಲ. ಒಂದೊಂದು ಹೊಟ್ಟೆಯ ವಿಷಯದಲ್ಲಿ, ಹೃದಯದ ವಿಷಯದಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತದೆ, ನಿಜ. ಕಿಡ್ನಿಯ ವಿಷಯದಲ್ಲಿ ಮಾತ್ರ ಎಲ್ಲವೂ ಒಂದೇ ಬಣ. ‘ಊಟ ಮಾಡಿ ತಗೊಂಡರೆ ಏನೂ ಆಗಲ್ಲ’, ‘ಗ್ಯಾಸ್ ಮಾತ್ರೆ ಜೊತೆಗಿದೆಯಲ್ಲ’, ‘ಮಾತ್ರೆ ಬೇಡ, ಸೂಜಿ ಹಾಕಿಸೋಣ’ ಎಂಬ ಮೂರು ಮಾತುಗಳನ್ನೂ ನಂಬಬೇಡಿ. ಊಟವಾದ ಮೇಲೆ ತಗೊಂಡರೆ ಉರಿ ಕಡಿಮೆ ಅನ್ನಿಸುತ್ತದೆ, ಹುಣ್ಣು ತಪ್ಪುವುದಿಲ್ಲ. ಗ್ಯಾಸ್ ಮಾತ್ರೆ ಜಠರವನ್ನು ಕಾಯುತ್ತದೆ, ಕಿಡ್ನಿಯನ್ನು ಕಾಯುವುದಿಲ್ಲ. ಸೂಜಿಯಲ್ಲಿ ಹೋದ ಔಷಧಿಯೂ ರಕ್ತದ ಮೂಲಕ ಅದೇ ಜಠರಕ್ಕೆ, ಅದೇ ಕಿಡ್ನಿಗೆ ತಲುಪುತ್ತದೆ.

ಹಾಗಾದರೆ ಏನು ಮಾಡಬೇಕು? ಮಂಡಿಗೆ ಮೊದಲ ಔಷಧಿ ಜೆಲ್. ಹೌದು, ಅದೇ ಡೈಕ್ಲೋಫೆನಾಕ್, ಆದರೆ ಚರ್ಮದ ಮೇಲೆ. ಸರಿಯಾದ ಪ್ರಮಾಣದಲ್ಲಿ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ನೂರರಲ್ಲಿ ಆರು ಪಾಲಿನಷ್ಟು. ಮಂಡಿ ಸವೆತಕ್ಕೆ ಮಾತ್ರೆಗಿಂತ ಮೊದಲು ಇದನ್ನೇ ಬಳಸಿ ಎಂದು ಅಮೆರಿಕದ, ಬ್ರಿಟನ್ನಿನ ಮಾರ್ಗಸೂಚಿಗಳೂ ಹೇಳುತ್ತವೆ. ಮಂಡಿ ಚರ್ಮಕ್ಕೆ ಹತ್ತಿರದ ಕೀಲು, ಆದ್ದರಿಂದ ಔಷಧಿ ಇಳಿಯುತ್ತದೆ. ಬೆರಳು, ಮಣಿಕಟ್ಟಿಗೂ ಆಗುತ್ತದೆ. ಸೊಂಟದ ಕೀಲು ಆಳದಲ್ಲಿದೆ, ಅಲ್ಲಿಗೆ ತಲುಪುವುದಿಲ್ಲ. ಹೊಸ ಕ್ರಿಯಾಟಿನಿನ್ ವರದಿ ಕೈಗೆ ಬಂದು ವೈದ್ಯರು ನೋಡುವ ತನಕ ಮಾತ್ರ ಜೆಲ್ಲನ್ನೂ ತಡೆಯಿರಿ. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಅವರು ಹೂಂ ಎನ್ನದೆ ಹಚ್ಚಬೇಡಿ.

‘ಜೆಲ್ ಹಚ್ಚಿದರೂ ಏನೂ ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಹಚ್ಚಿದ್ದು ಕಡಲೆಕಾಳಿನಷ್ಟು, ಅದೂ ನೋವು ಬಂದಾಗ ಒಂದು ಸಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಮಂಡಿಗೆ ಕನಿಷ್ಠ 2 ಗ್ರಾಂ ಬೇಕು, ಅಂದರೆ ಅಂಥ ನಾಲ್ಕು ಗೆರೆ. ದಿನಕ್ಕೆ ಮೂರು ಸಲ. ಎರಡು ಮಂಡಿಗೆ ದಿನಕ್ಕೆ 12 ಗ್ರಾಂ ಆಯಿತು, 30 ಗ್ರಾಂ ಟ್ಯೂಬ್ ಎರಡೂವರೆ ದಿನಕ್ಕೆ ಮುಗಿಯುತ್ತದೆ. ಖರ್ಚು ಕೇಳಿದರೆ ಗಾಬರಿಯಾಗುವುದು ಸಹಜ. ಅದಕ್ಕೇ ದೊಡ್ಡ ಟ್ಯೂಬ್ ಕೇಳಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಹೆಚ್ಚು ನೋಯುವ ಮಂಡಿಗೆ ಮೊದಲು ಶುರು ಮಾಡಿ. ಮಂಡಿಚಿಪ್ಪಿನ ಮೇಲಷ್ಟೇ ಅಲ್ಲ, ಎರಡೂ ಪಕ್ಕಕ್ಕೆ, ಹಿಂಭಾಗಕ್ಕೂ ಹರಡಿ, ಒಂದು ನಿಮಿಷ ನಿಧಾನವಾಗಿ ಸವರಿ. ಹತ್ತು ನಿಮಿಷ ಸೀರೆ ತಾಗದ ಹಾಗೆ ಬಿಡಿ, ಒಂದು ಗಂಟೆ ತೊಳೆಯಬೇಡಿ. ಹಚ್ಚಿದ ಮೇಲೆ ಬಟ್ಟೆ ಬಿಗಿದು ಕಟ್ಟುವುದು, ಬಿಸಿನೀರಿನ ಶಾಖ ಕೊಡುವುದು ಬೇಡ, ಅದರಿಂದ ಔಷಧಿ ರಕ್ತಕ್ಕೆ ಹೆಚ್ಚು ಸೇರುತ್ತದೆ, ಚರ್ಮವೂ ಸುಡುತ್ತದೆ. ಗಾಯ, ಕಜ್ಜಿ ಇದ್ದ ಕಡೆ ಹಚ್ಚಬಾರದು. ಕೈ ತೊಳೆಯದೆ ಸೊಪ್ಪು ಮುಟ್ಟಬಾರದು, ಹುಳ ಎಷ್ಟು ಸೂಕ್ಷ್ಮ ಎಂದು ನಿಮಗೆ ಹೇಳಬೇಕಾಗಿಲ್ಲ. ಫಲಿತಾಂಶಕ್ಕೆ ಒಂದರಿಂದ ಎರಡು ವಾರ ಕೊಡಿ, ನಾಲ್ಕು ವಾರಕ್ಕೂ ಏನೂ ಆಗದಿದ್ದರೆ ಬಿಟ್ಟುಬಿಡಿ. ಜೆಲ್ ಹಚ್ಚುವಾಗ ಅದೇ ಗುಂಪಿನ ಮಾತ್ರೆ ನುಂಗಿದರೆ ಈ ಶ್ರಮವೆಲ್ಲ ವ್ಯರ್ಥ.

ಜೆಲ್ ಒಗ್ಗದವರಿಗೆ ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಮುಲಾಮು ಇದೆ, 0.025 ಶೇಕಡ. ದಿನಕ್ಕೆ ಮೂರು ನಾಲ್ಕು ಸಲ, ಎರಡರಿಂದ ನಾಲ್ಕು ವಾರ. ಮೊದಲ ವಾರ ಉರಿಯುತ್ತದೆ, ಆ ಉರಿಯಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಕಿಡ್ನಿಗೆ ಇದರಿಂದ ತೊಂದರೆ ಇಲ್ಲ. ಲಕ್ಕಿ ಸೊಪ್ಪು ಬೇಯಿಸಿದ ನೀರಿನ ಶಾಖ ಅಮ್ಮನಿಗೆ ಹಿತ ಅನ್ನಿಸಿದರೆ ಕೊಡಿ, ಶಾಖದಿಂದ ಬಿಗಿತ ಸಡಿಲವಾಗುತ್ತದೆ. ಶುಗರ್ ಇರುವವರ ಕಾಲಿನ ಚರ್ಮಕ್ಕೆ ಬಿಸಿ ಗೊತ್ತಾಗದೇ ಇರಬಹುದು, ನೀರಿನ ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ. ಜೆಲ್ ಹಚ್ಚಿದ ಹೊತ್ತಿಗೂ ಶಾಖಕ್ಕೂ ನಡುವೆ ಕೆಲವು ಗಂಟೆ ಬಿಡುವಿರಲಿ.

ನುಂಗುವ ಮಾತ್ರೆಯೇ ಬೇಕಾದ ದಿನ ಪ್ಯಾರಾಸಿಟಮಾಲ್. ಮಂಡಿ ಸವೆತಕ್ಕೆ ಇದು ಬಲವಾದ ಔಷಧಿ ಅಲ್ಲ, ಊತ ಇಳಿಸುವುದೂ ಇಲ್ಲ. ಆದರೂ ಕಿಡ್ನಿ ಸೊರಗಿದವರಿಗೆ ಇದಕ್ಕಿಂತ ವಾಸಿಯಾದದ್ದು ಅಂಗಡಿಯಲ್ಲಿಲ್ಲ. 52 ಕೆ.ಜಿ. ತೂಕದವರಿಗೆ ಒಂದು ಸಲಕ್ಕೆ 500 ಅಥವಾ 650 ಮಿ.ಗ್ರಾಂ, ಎರಡು ಮಾತ್ರೆಗಳ ನಡುವೆ ಆರು ಗಂಟೆ, 650ರದ್ದಾದರೆ ದಿನಕ್ಕೆ ಮೂರಕ್ಕಿಂತ ಹೆಚ್ಚಿಲ್ಲ. ನೋವು ಏರಿದ ಮೇಲೆ ನುಂಗುವ ಬದಲು ಸೊಪ್ಪಿನ ಕೆಲಸಕ್ಕೆ ಹೊರಡುವ ಮುಕ್ಕಾಲು ಗಂಟೆ ಮೊದಲು ಒಂದು ತಗೊಂಡರೆ ಹೆಚ್ಚು ಪ್ರಯೋಜನ. ಶೀತ-ಜ್ವರದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಸ್ಟ್ರಿಪ್ಪಿನ ಹಿಂಭಾಗ ಓದಿ ಒಟ್ಟು ಲೆಕ್ಕ ಇಟ್ಟುಕೊಳ್ಳಿ. ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಈ ಪ್ರಮಾಣವೂ ಹೆಚ್ಚೇ, ವೈದ್ಯರನ್ನು ಕೇಳಬೇಕು.

ಇನ್ನೂ ಎರಡು ಔಷಧಿಗಳ ಹೆಸರು ನಿಮ್ಮ ಕಿವಿಗೆ ಬೀಳಬಹುದು. ಟ್ರಮಡಾಲ್ ಬಲವಾದದ್ದು, ಆದರೆ ವಯಸ್ಸಾದವರಿಗೆ ತಲೆ ತಿರುಗು, ವಾಕರಿಕೆ, ಮಲಬದ್ಧತೆ ತರುತ್ತದೆ. ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಂಡರೆ ಮಂಡಿ ನೋವೇ ಮೇಲಿತ್ತು ಅನ್ನಿಸುತ್ತದೆ. ಡ್ಯುಲೋಕ್ಸೆಟಿನ್ ಹಳೆಯ ಮಂಡಿ-ಸೊಂಟ ನೋವಿಗೆ ಕೆಲವರಿಗೆ ಕೆಲಸ ಮಾಡುತ್ತದೆ, ಬಿ.ಪಿ. ನೋಡಿಕೊಂಡು ವೈದ್ಯರೇ ಶುರು ಮಾಡಬೇಕು. ಒಂದು ಮಂಡಿ ಊದಿ ನೀರು ತುಂಬಿದ್ದರೆ ಕೀಲಿನೊಳಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ನೆಮ್ಮದಿ ಕೊಡುತ್ತದೆ. ಹಾಕಿಸಿದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ನೋಡುತ್ತಿರಿ. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮಿನ್‌ಗೆ ದುಡ್ಡು ಸುರಿಯಬೇಡಿ.

ಒಂದು ಮಾತು ಒತ್ತಿ ಹೇಳಬೇಕು. ಸಂತೆಯಲ್ಲಿ, ಊರ ಆರ್‌ಎಂಪಿಗಳ ಹತ್ತಿರ ಕಾಗದದಲ್ಲಿ ಕಟ್ಟಿಕೊಡುವ ಬಿಡಿ ಮಾತ್ರೆಗಳು, ಹೆಸರಿಲ್ಲದ ಡಬ್ಬಿಯ ‘ನಾಟಿ’ ಪುಡಿ-ಲೇಹ್ಯ, ಇವನ್ನು ಮನೆಯೊಳಗೆ ತರಬೇಡಿ. ಇಂಥವುಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೆರಾಯ್ಡ್ ಬೆರೆತಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎರಡು ವರ್ಷದ ನೋವು ಒಂದೇ ದಿನದಲ್ಲಿ ಮಾಯವಾದರೆ, ಹಸಿವು ಹೆಚ್ಚಿದರೆ, ಮುಖ ದುಂಡಗೆ ಊದಿಕೊಂಡರೆ, ಶುಗರ್ ಇದ್ದಕ್ಕಿದ್ದ ಹಾಗೆ ಏರಿದರೆ ಸ್ಟೆರಾಯ್ಡ್ ಎಂದೇ ಅನುಮಾನಿಸಿ. ವಾರಗಟ್ಟಲೆ ತಗೊಂಡಿದ್ದರೆ ಅದನ್ನು ಮಾತ್ರ ಒಮ್ಮೆಲೇ ನಿಲ್ಲಿಸಬಾರದು. ದೇಹ ತಾನಾಗಿ ಮಾಡಿಕೊಳ್ಳುವ ಸ್ಟೆರಾಯ್ಡ್ ಅಷ್ಟರಲ್ಲಿ ನಿಂತಿರುತ್ತದೆ, ಬಿ.ಪಿ. ಕುಸಿದು ಜೀವಕ್ಕೇ ಅಪಾಯ. ಮಿಕ್ಕ ಪೊಟ್ಟಣವನ್ನೇ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ.

ಇಷ್ಟು ಹೊತ್ತು ಮಾತಾಡಿದ್ದು ಮಂಡಿ ಸವೆತ ಎಂದು ಇಟ್ಟುಕೊಂಡು. ನಿಮ್ಮ ಪತ್ರದಲ್ಲಿ ‘ಸೊಂಟ, ಕತ್ತು ಹಿಡಿದುಕೊಳ್ಳುತ್ತದೆ’ ಎಂಬ ಮಾತಿದೆ. ಅದನ್ನು ದಾಟಿ ಹೋಗಲು ನನಗೆ ಮನಸ್ಸಿಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಪಾವಗಡ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎನ್ನುತ್ತದೆ ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ, ಮೂಳೆಗೆ ಅಂಟಿದ ಪೊರೆ-ಕಟ್ಟುಗಳಲ್ಲಿ ಕೂರುತ್ತದೆ, ಬೆನ್ನು ಕತ್ತು ಬಾಗದಂತಾಗುತ್ತವೆ. ಇದನ್ನು ವಾತ, ವಯಸ್ಸಿನ ನೋವು ಎಂದುಕೊಂಡು ಮಾತ್ರೆ ನುಂಗುತ್ತಲೇ ಇರುವವರು ಈ ಸೀಮೆಯಲ್ಲಿ ಬಹಳ. ದೇಹಕ್ಕೆ ಸೇರಿದ ಫ್ಲೋರೈಡನ್ನು ಹೊರಹಾಕುವುದು ಕಿಡ್ನಿ. ನೋವಿನ ಮಾತ್ರೆಯಿಂದ ಕಿಡ್ನಿ ಸೊರಗಿದರೆ ಮೂಳೆಯಲ್ಲಿ ಫ್ಲೋರೈಡ್ ಇನ್ನೂ ಹೆಚ್ಚು ನಿಲ್ಲುತ್ತದೆ, ನೋವು ಬೆಳೆಯುತ್ತದೆ, ಮಾತ್ರೆ ಎರಡರಿಂದ ಮೂರಾಗುತ್ತದೆ. ನಿಮ್ಮ ಅಮ್ಮ ಈ ಸುಳಿಯಲ್ಲಿಲ್ಲ ಎಂದು ಖಾತರಿ ಮಾಡಿಕೊಳ್ಳಬೇಕು.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಿ. ಮಂಡಿ ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಿಕೊಳ್ಳಲು ಆಗುತ್ತದೆಯೇ? ಗದ್ದ ಎದೆಗೆ ತಾಗುತ್ತದೆಯೇ? ತೋಳು ಪಕ್ಕಕ್ಕೆ ಚಾಚಿ, ಮೊಣಕೈ ಮಡಚಿ ತಲೆಯ ಹಿಂಭಾಗ ಮುಟ್ಟಲು ಆಗುತ್ತದೆಯೇ? ಬರೀ ಮಂಡಿ ಸವೆತ ಇದ್ದವರಿಗೆ ಕೊನೆಯ ಎರಡು ಸಲೀಸು. ಅವೂ ಆಗದಿದ್ದರೆ, ಮನೆಯ ಬೇರೆಯವರ ಹಲ್ಲಿನಲ್ಲಿ ಸುಣ್ಣದಂಥ ಅಥವಾ ಕಂದು ಪಟ್ಟೆ ಇದ್ದರೆ, ಮುಂಗೈಯ ಎಕ್ಸ್-ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ಬೇಕು ಎಂದು ವೈದ್ಯರಿಗೆ ಹೇಳಿ. ನೀರನ್ನೂ ಪರೀಕ್ಷೆಗೆ ಕೊಡಿ: ಬೋರ್ ಐದು ನಿಮಿಷ ಓಡಿಸಿ, ಅದೇ ನೀರಿನಿಂದ ಎರಡು ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಹಿಡಿಯಿರಿ, ಗಾಜಿನ ಬಾಟಲಿ ಬೇಡ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದ್ದರೆ ಅಲ್ಲೇ ಅಂದಾಜು ಸಿಗುತ್ತದೆ, ನಿಖರ ಅಂಕಿಗೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಬೇಕು. ನೀರಿನಲ್ಲಿ ಕರಗಿರುವ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಫ್ಲೋರೈಡ್ ಗೊತ್ತಾಗುವುದಿಲ್ಲ.

ಕಾಯಿಸಿ ಆರಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿನಿಂದಲೂ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು ಆಗುತ್ತದೆ, ಅದರ ಪೊರೆ ಕಾಲಕಾಲಕ್ಕೆ ಬದಲಾಗುತ್ತಿದ್ದರೆ. ಕ್ಯಾನ್ ನೀರನ್ನು ಕುಡಿಯಲು ಮಾತ್ರ ಇಟ್ಟು ಸಾರಿಗೆ, ಮುದ್ದೆಗೆ, ಅನ್ನಕ್ಕೆ ಬೋರ್ ನೀರು ಹಾಕುವುದು ಎಲ್ಲ ಮನೆಯಲ್ಲೂ ಆಗುವ ತಪ್ಪು. ಮುದ್ದೆಗೆ ಇಟ್ಟ ಎಸರು ಪೂರ್ತಿ ಹಿಟ್ಟಿನಲ್ಲೇ ಉಳಿಯುತ್ತದಲ್ಲ, ಫ್ಲೋರೈಡೂ ಅದರ ಜೊತೆಗೇ ಹೊಟ್ಟೆಗೆ ಹೋಗುತ್ತದೆ. ಅಡುಗೆಗೂ ಶುದ್ಧ ನೀರೇ ಬೇಕು. ಕಡುಗಪ್ಪು ಟೀ ಕಡಿಮೆ ಮಾಡಿ. ಕ್ಯಾಲ್ಸಿಯಂ ಸಾಕಷ್ಟು ಸಿಕ್ಕರೆ ಕರುಳಿನಲ್ಲಿ ಫ್ಲೋರೈಡ್ ಹೀರಿಕೆ ಕಡಿಮೆ. ರಾಗಿ ಹೇಗೂ ಉಣ್ಣುತ್ತೀರಿ, ಡೈರಿಗೆ ಹಾಕುವ ಮುನ್ನ ಅಮ್ಮನಿಗೆಂದು ಎರಡು ಲೋಟ ಹಾಲು ಎತ್ತಿಡಿ. ಕೂತಿರುವ ಫ್ಲೋರೈಡನ್ನು ಕರಗಿಸುವ ಔಷಧಿ ಇಲ್ಲ. ನೀರು ಬದಲಾದರೆ ತಿಂಗಳುಗಳಲ್ಲಿ ನೋವು ತಗ್ಗುವುದುಂಟು, ಆಗಿಹೋದ ಬಿಗಿತ ಪೂರ್ತಿ ಹೋಗದು.

ಮಂಡಿಯ ಹೊರೆ ಇಳಿಸದೆ ಜೆಲ್ಲಿನಿಂದ ಮಾತ್ರ ಕೆಲಸವಾಗುವುದಿಲ್ಲ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿ ನೋವು ಕಡಿಮೆ. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವಲ್ ಇಟ್ಟು, ಮಂಡಿಯಿಂದ ಅದನ್ನು ನೆಲಕ್ಕೆ ಒತ್ತಿ ಐದು ಎಣಿಸಿ ಬಿಡುವುದು, ಒಂದು ಕಾಲಿಗೆ ಹತ್ತು ಸಲ. ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಅಡಿ ಎತ್ತಿ ಐದು ಎಣಿಸುವುದು, ಅದೂ ಹತ್ತು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಐದರಿಂದ ಹತ್ತು. ಬೆಳಿಗ್ಗೆ ಸಂಜೆ ಎರಡು ಹೊತ್ತು, ಆರರಿಂದ ಎಂಟು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮಾಡುವಾಗ ಸ್ವಲ್ಪ ನೋವಾದರೆ ಚಿಂತೆಯಿಲ್ಲ, ಮಾರನೆಯ ದಿನವೂ ಹೆಚ್ಚಾಗಿಯೇ ಇದ್ದರೆ ಅರ್ಧಕ್ಕೆ ಇಳಿಸಿ. ಕುಕ್ಕರಗಾಲಲ್ಲಿ ಕೂತು ಹುಳದ ಕಸ ತೆಗೆಯುವುದನ್ನು ಬೇರೆಯವರು ವಹಿಸಿಕೊಳ್ಳಿ, ಸೊಪ್ಪಿನ ಹೊರೆ ಅಮ್ಮನ ತಲೆಗೆ ಬೇಡ. ಶೌಚಕ್ಕೆ ಕಮೋಡ್ ಕುರ್ಚಿ ತನ್ನಿ. ಊರುಗೋಲನ್ನು ಹೆಚ್ಚು ನೋಯುವ ಮಂಡಿಯ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು, ನೋಯುವ ಬದಿಯಲ್ಲಲ್ಲ. ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು.

ಬೆಳಿಗ್ಗೆ ಎದ್ದಾಗಿನ ಬಿಗಿತ ಒಂದು ಗಂಟೆಯಾದರೂ ಬಿಡದಿದ್ದರೆ, ಬೆರಳ ಗಿಣ್ಣುಗಳು ಊದಿದರೆ ಅದು ಆಮವಾತ ಇರಬಹುದು, ಅದರ ಔಷಧಿಯೇ ಬೇರೆ, ತಡ ಮಾಡಿದಷ್ಟೂ ಕೀಲು ಹಾಳು. ಒಂದೇ ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆ. ಮೈಕೈ ನೋವಿನ ಜೊತೆ ಹೊಸದಾಗಿ ಜ್ವರ ಬಂದರೆ, ಡೆಂಗಿ ಅಲ್ಲ ಎಂದು ಖಚಿತವಾಗುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮನೆಯ ಯಾರಿಗೂ ಕೊಡಬೇಡಿ, ರಕ್ತಸ್ರಾವದ ಭಯವಿದೆ.

ನೋವಿನ ಮಾತ್ರೆ ನಿಲ್ಲಿಸಿದ ಎರಡು ವಾರದಲ್ಲಿ ಬಿ.ಪಿ. ಇಳಿಯುವ ಸಾಧ್ಯತೆ ಇದೆ, ಯಾಕೆಂದರೆ ಇಷ್ಟು ದಿನ ಬಿ.ಪಿ. ಮಾತ್ರೆ ಅದರ ವಿರುದ್ಧ ಹೆಣಗುತ್ತಿತ್ತು. ವಾರಕ್ಕೆ ಎರಡು ಸಲ ಬಿ.ಪಿ. ನೋಡಿಸಿ ಬರೆದಿಡಿ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ವೈದ್ಯರಿಗೆ ಹೇಳಿ, ಅವರು ಪ್ರಮಾಣ ಸರಿಮಾಡುತ್ತಾರೆ. ಕ್ರಿಯಾಟಿನಿನ್ ಎರಡು ವಾರ ಕಳೆದ ಮೇಲೆ ಒಂದು ಸಲ, ಆಮೇಲೆ ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿಸಿ. ಮುಂದೆ ಹಲ್ಲು ನೋವೋ ಬೆನ್ನು ನೋವೋ ಎಂದು ಬೇರೆ ವೈದ್ಯರ ಹತ್ತಿರ ಹೋದಾಗಲೂ ಚೀಟಿ ಬರೆಯುವ ಮುಂಚೆಯೇ ಬಿ.ಪಿ. ಮಾತ್ರೆಯ ಸ್ಟ್ರಿಪ್ ತೋರಿಸಿ, ಇಜಿಎಫ್‌ಆರ್ ಎಷ್ಟಿದೆ ಎಂದು ಹೇಳಿ.